ಪುಸ್ತಕ ಬಂದಿದೆ, ನಾಟಕ ಉಂಟು: ಊರಿಗೆ ತಿಳಿಸುವುದು ಹೇಗೆ?

"ಪುಸ್ತಕ ನಾವೇ ಅಚ್ಚು ಹಾಕಿಸಿದ್ದೇವೆ. ಇನ್ನು ಜನರಿಗೆ ತಿಳಿಸುವುದು ಹೇಗೆ?" ಮಂಗಳೂರು, ಉಡುಪಿ ಕಡೆಯ ಬರಹಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾಟಕ ಬರೆದವರು ಕೇಳುವುದೂ ಇದನ್ನೇ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡುವುದು ಒಳ್ಳೆಯದಲ್ವಾ? ಹಾಗಾಗಿ ಈ ಲೇಖನ.

ಒಂದು ಮಾತು ಮೊದಲೇ ಹೇಳುತ್ತೇನೆ. ನಮ್ಮ ಊರಿನ ಜನ ಪುಸ್ತಕ ಕೊಳ್ಳುವುದಿಲ್ಲ ಎಂಬ ದೂರು ಅರ್ಧ ಮಾತ್ರ ನಿಜ. ಪುಸ್ತಕ ಬಂದದ್ದು ಗೊತ್ತಾಗುತ್ತದೆ, ಅದು ಎಲ್ಲಿ ಸಿಗುತ್ತದೆ ಎಂದು ಗೊತ್ತಾಗುವುದಿಲ್ಲ. ಪತ್ರಿಕೆಯಲ್ಲಿ ಬಿಡುಗಡೆಯ ಫೋಟೊ ಬರುತ್ತದೆ. ವೇದಿಕೆಯಲ್ಲಿ ಸಾಲಾಗಿ ನಿಂತವರ ಹೆಸರೆಲ್ಲ ಬರುತ್ತದೆ. ಬೆಲೆ ಎಷ್ಟು, ಯಾರಿಗೆ ಫೋನ್ ಮಾಡಬೇಕು ಎಂಬುದು ಮಾತ್ರ ಇರುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲೂ ಇದೊಂದನ್ನು ನೆನಪಿಡಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಇಷ್ಟು ಹಾಕಿಡಿ: ಮುಖಪುಟದ ಸ್ಪಷ್ಟ ಚಿತ್ರ, ನಿಮ್ಮ ಇತ್ತೀಚಿನ ಒಂದು ಫೋಟೊ, ಪುಸ್ತಕದ ಬಗ್ಗೆ ಎರಡು ಸಾಲಿನ ಒಂದು ಪರಿಚಯ, ಒಂದು ಪುಟದ ಇನ್ನೊಂದು ಪರಿಚಯ, ಪುಟಗಳ ಸಂಖ್ಯೆ, ಬೆಲೆ, ಪ್ರತಿ ಸಿಗುವ ಜಾಗ, ಒಂದು ಫೋನ್ ನಂಬರ್. ಈ ನಂಬರ್ ನಿಮ್ಮ ಸ್ವಂತದ್ದೇ ಆಗಬೇಕೆಂದಿಲ್ಲ. ಪುಸ್ತಕಕ್ಕೆಂದೇ ಒಂದು ಬೇರೆ ಸಿಮ್ ಇಟ್ಟುಕೊಂಡರೆ ಆರಾಮ. ಪತ್ರಿಕೆಯಲ್ಲಿ ಒಮ್ಮೆ ಅಚ್ಚಾದ ನಂಬರನ್ನು ವಾಪಸ್ ಪಡೆಯಲು ಆಗುವುದಿಲ್ಲ.

1. ಐಎಸ್‌ಬಿಎನ್ ಮಾಡಿಸಿ, ಅಚ್ಚಿಗೆ ಕೊಡುವ ಮೊದಲೇ

ಐಎಸ್‌ಬಿಎನ್ ಎಂದರೆ ಪುಸ್ತಕದ ಬೆನ್ನ ಹಿಂದೆ ಬಾರ್‌ಕೋಡ್ ಜೊತೆ ಇರುವ 13 ಅಂಕಿಗಳ ಗುರುತು ಸಂಖ್ಯೆ. ನಮ್ಮ ದೇಶದಲ್ಲಿ ಇದನ್ನು ಕೊಡುವುದು ದೆಹಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ. ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪ್ರಕಾಶನ ಸಂಸ್ಥೆಯೇ ಬೇಕೆಂದಿಲ್ಲ, ಲೇಖಕರು ತಾವೇ ಹಾಕಬಹುದು. ಮುಖ್ಯವಾಗಿ, ಇದಕ್ಕೆ ಶುಲ್ಕ ಇಲ್ಲ. "ಐಎಸ್‌ಬಿಎನ್ ಮಾಡಿಸಿಕೊಡುತ್ತೇವೆ, ಇಷ್ಟು ಸಾವಿರ ಕೊಡಿ" ಎನ್ನುವವರು ಸಿಗುತ್ತಾರೆ. ಅರ್ಜಿ ತುಂಬುವ ಕೂಲಿ ಅಂತ ಸ್ವಲ್ಪ ಕೊಟ್ಟರೆ ಅದು ನಿಮ್ಮ ಇಷ್ಟ. ಸರ್ಕಾರಿ ಶುಲ್ಕ ಎಂದು ನಂಬಿ ಕೊಡಬೇಡಿ.

ಇಲ್ಲಿ ಎರಡು ತಪ್ಪು ಜಾಸ್ತಿ ಕಾಣುತ್ತವೆ. ಒಂದು, ಪುಸ್ತಕ ಅಚ್ಚಾದ ಮೇಲೆ ಅರ್ಜಿ ಹಾಕುವುದು. ಆಮೇಲೆ ಪ್ರತಿ ಪುಸ್ತಕಕ್ಕೂ ಸ್ಟಿಕ್ಕರ್ ಅಂಟಿಸುತ್ತಾ ಕೂರಬೇಕು. ಎರಡು, ಐಎಸ್‌ಬಿಎನ್ ಇದ್ದರೆ ಹಕ್ಕು ಸಿಕ್ಕಿತು ಎಂದುಕೊಳ್ಳುವುದು. ಕೃತಿಸ್ವಾಮ್ಯ, ಅಂದರೆ ಬರಹದ ಮೇಲಿನ ನಿಮ್ಮ ಹಕ್ಕು, ನೀವು ಬರೆದ ಕ್ಷಣದಿಂದಲೇ ನಿಮ್ಮದು. ಅದು ನಿಮ್ಮ ಜೀವಮಾನ ಪೂರ್ತಿ, ಆಮೇಲೆ 60 ವರ್ಷ ಇರುತ್ತದೆ. ಐಎಸ್‌ಬಿಎನ್‌ಗೂ ಅದಕ್ಕೂ ಸಂಬಂಧ ಇಲ್ಲ.

2. ದಿನ ಗೊತ್ತು ಮಾಡಿ

ಬಿಡುಗಡೆಯೋ ಪ್ರದರ್ಶನವೋ, ಅರ್ಧ ಕೆಲಸ ದಿನ ಆರಿಸುವುದರಲ್ಲೇ ಉಂಟು. ನಮ್ಮ ಕರಾವಳಿಯಲ್ಲಿ ಕ್ಯಾಲೆಂಡರ್ ನೋಡಿದರೆ ಸಾಲದು, ಊರನ್ನೂ ನೋಡಬೇಕು.

ದೀಪಾವಳಿ ಕಳೆದು ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ಯಕ್ಷಗಾನ ಮೇಳಗಳ ತಿರುಗಾಟ. ಅದರ ಜೊತೆಗೆ ನೇಮ, ಜಾತ್ರೆ, ಬ್ರಹ್ಮಕಲಶ, ವಾರದ ಕೊನೆಗೆ ಕಂಬಳ. ಮದುವೆ ಬೇರೆ. ಈ ತಿಂಗಳುಗಳಲ್ಲಿ ಸಭಾಂಗಣ ಸಿಗುವುದೇ ಕಷ್ಟ, ಸಿಕ್ಕಿದರೂ ಜನ ಹಂಚಿಹೋಗಿರುತ್ತಾರೆ. ಉಡುಪಿಯಲ್ಲಾದರೆ ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸು ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಕೈಬದಲಾಗುವ ಉತ್ಸವ. ಆ ವಾರ ಪೇಟೆಗೆ ಪುಸ್ತಕ ಹೊತ್ತುಕೊಂಡು ಹೋಗುವ ಯೋಚನೆಯನ್ನೇ ಬಿಡಿ. ಕೃಷ್ಣಾಷ್ಟಮಿಯ ವಿಟ್ಲಪಿಂಡಿ, ಮಂಗಳೂರಿನ ದಸರಾ ದಿನಗಳೂ ಹಾಗೆಯೇ.

ಹಾಗಾದರೆ ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಒಳ್ಳೆಯದಲ್ವಾ? ಶುಭಕಾರ್ಯ ಇಲ್ಲ, ಸಭಾಂಗಣ ಖಾಲಿ. ಹೌದು, ಆದರೆ ಈಗ ಆಟಿಯ ಪ್ರತಿ ಆದಿತ್ಯವಾರ ಒಂದಲ್ಲ ಒಂದು ಸಂಘದ ‘ಆಟಿಡೊಂಜಿ ದಿನ’, ಅಂದರೆ ಆಟಿಯ ತಿಂಡಿತಿನಿಸಿನ ಕೂಟ, ಇರುತ್ತದೆ ಮಾರಾಯ್ರೆ. ಪತ್ರೊಡೆಯ ಎದುರು ಕವನ ಸಂಕಲನ ಗೆಲ್ಲುವುದು ಕಷ್ಟ. ನನ್ನ ಸಲಹೆ: ಆಟಿಯ ಶನಿವಾರ ಸಂಜೆ. ಮಳೆಗಾಲಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿ ಶಾಲೆ ಕಾಲೇಜಿಗೆ ರಜೆ ಕೊಟ್ಟರೆ ಕಾಲೇಜು ಸಭಾಂಗಣದ ಕಾರ್ಯಕ್ರಮ ಕೈಬಿಟ್ಟುಹೋಗಬಹುದು. ಬುಕ್ ಮಾಡುವಾಗಲೇ, ಹಾಗಾದರೆ ಮುಂಗಡ ಹಣ ಏನಾಗುತ್ತದೆ ಎಂದು ಕೇಳಿ.

ಜುಲೈ 1 ಬೇಡ. 1843ರ ಆ ದಿನ ‘ಮಂಗಳೂರ ಸಮಾಚಾರ’ ಶುರುವಾದದ್ದು ಮಂಗಳೂರಿನಲ್ಲೇ. ಅದರ ನೆನಪಿಗೆ ಪತ್ರಿಕಾ ದಿನಾಚರಣೆ ಇರುತ್ತದೆ. ನಿಮಗೆ ಬೇಕಾದ ವರದಿಗಾರರು ಅವರದೇ ಕಾರ್ಯಕ್ರಮದಲ್ಲಿ ಇರುತ್ತಾರೆ. ಹಾಗೆಯೇ ಮಂಗಳೂರು ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಾಂಸ್ಕೃತಿಕ ಸಂಘಟನೆ ಮಾಂಡ್ ಸೊಭಾಣ್‌ನವರ ತಿಂಗಳ ಕಾರ್ಯಕ್ರಮ ತಿಂಗಳ ಮೊದಲ ಆದಿತ್ಯವಾರ ಇರುತ್ತದೆ. ಮಂಗಳೂರಿನಲ್ಲಿ ಕೊಂಕಣಿ ನಾಟಕ ಇಡುವವರು ಆ ಸಂಜೆಯನ್ನು ಬಿಟ್ಟುಕೊಡುವುದೇ ಲೇಸು.

ಸಮಯದ ಬಗ್ಗೆ ಒಂದೇ ಮಾತು: ಕೊನೆಯ ಬಸ್ಸು. ಪುಸ್ತಕ ಕೊಳ್ಳುವವರಲ್ಲಿ ಮೇಷ್ಟ್ರು, ನಿವೃತ್ತರು, ಕಾಲೇಜು ಮಕ್ಕಳು ಜಾಸ್ತಿ. ಅವರು ಹಳ್ಳಿಗೆ ವಾಪಸ್ ಹೋಗಬೇಕು. 4 ಗಂಟೆಗೆ ಶುರು ಮಾಡಿ, ಆರೂವರೆಗೆ ಮುಗಿಸಿ.

3. ಸುದ್ದಿ ಬರೆಯಿರಿ

ಇಲ್ಲಿಯೇ ಹೆಚ್ಚಿನವರು ಎಡವುವುದು. ಪತ್ರಿಕೆಗೆ ಕಳಿಸುವ ಬರಹ ಮುನ್ನುಡಿ ಅಲ್ಲ, ಬೆನ್ನುಡಿಯೂ ಅಲ್ಲ. "ಸಾರಸ್ವತ ಲೋಕಕ್ಕೆ ಅನುಪಮ ಕೊಡುಗೆ" ಎಂದು ನೀವೇ ಬರೆದು ಕಳಿಸಿದರೆ ಉಪಸಂಪಾದಕರು ಮೊದಲು ಕತ್ತರಿಸುವುದು ಆ ಸಾಲನ್ನೇ. ಏನು, ಯಾವಾಗ, ಎಲ್ಲಿ, ಯಾರು, ಎಷ್ಟು, ಎಲ್ಲಿ ಸಿಗುತ್ತದೆ. ಈ ಆರು ಸಂಗತಿ ಇದ್ದರೆ ಸಾಕು.

ಒಂದು ಮಾದರಿ ನೋಡಿ. ಸುಮ್ನೆ ‘ತೆಂಕು ಗಾಳಿ’ ಎಂಬ ನಾಟಕ ಪುಸ್ತಕ ಎಂದು ಇಟ್ಟುಕೊಳ್ಳೋಣ:

"ಮಂಗಳೂರು: ಲೇಖಕ ಇಂಥವರ ‘ತೆಂಕು ಗಾಳಿ’ ನಾಟಕ ಕೃತಿಯ ಬಿಡುಗಡೆ ಜುಲೈ 25ರ ಶನಿವಾರ ಸಂಜೆ 4ಕ್ಕೆ ಹಂಪನಕಟ್ಟೆಯ ಇಂಥ ಸಭಾಂಗಣದಲ್ಲಿ ನಡೆಯಲಿದೆ. ರಂಗ ನಿರ್ದೇಶಕ ಇಂಥವರು ಕೃತಿ ಬಿಡುಗಡೆ ಮಾಡುವರು. ಉಪನ್ಯಾಸಕಿ ಇಂಥವರು ಕೃತಿ ಪರಿಚಯ ಮಾಡುವರು. ಬಳಿಕ ನಾಟಕದ ಒಂದು ದೃಶ್ಯದ ಓದು ಇರುತ್ತದೆ. ಮೀನುಗಾರಿಕೆ ನಿಂತ ಎರಡು ತಿಂಗಳಲ್ಲಿ ಒಂದು ಮನೆಯಲ್ಲಿ ನಡೆಯುವ ಕಥೆ ಇದು. 96 ಪುಟ, ಬೆಲೆ 120 ರೂ. ಪ್ರತಿಗಳು ಸಭಾಂಗಣದಲ್ಲೂ ಇಂಥ ಪುಸ್ತಕದಂಗಡಿಯಲ್ಲೂ ಸಿಗುತ್ತವೆ. ಮಾಹಿತಿಗೆ: ಫೋನ್ ನಂಬರ್."

ಇಷ್ಟೇ. ಕಥೆ ಏನೆಂದು ಒಂದೇ ಸಾಲಿನಲ್ಲಿ ಬಂದಿದೆ ನೋಡಿ. ‘ಮಾನವೀಯ ಮೌಲ್ಯಗಳ ಅನಾವರಣ’ ಎಂದಿದ್ದರೆ ಓದುವವರಿಗೆ ಏನೂ ಕಾಣುತ್ತಿರಲಿಲ್ಲ. ಬೆಲೆ ಮತ್ತು ಫೋನ್ ಕೊನೆಯಲ್ಲಿ ಇರುವುದರಿಂದ ಜಾಗ ಸಾಲದಿದ್ದರೆ ಅವೇ ಹಾರಿಹೋಗುವ ಭಯ ಉಂಟು. ಹಾಗಾಗಿ ಬರಹವನ್ನು ಮೊದಲೇ ಚಿಕ್ಕದು ಮಾಡಿ. ಉದ್ದ ಇದ್ದಷ್ಟು ಕತ್ತರಿ ಜಾಸ್ತಿ.

ಈಗ ಅಕ್ಷರದ ತೊಂದರೆ. ಡಿಟಿಪಿಯವರು ಪುಸ್ತಕವನ್ನು ನುಡಿ ಅಥವಾ ಶ್ರೀಲಿಪಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಕೂರಿಸಿರುತ್ತಾರೆ. ಅಲ್ಲಿಂದ ಒಂದು ಪ್ಯಾರಾ ನಕಲು ಮಾಡಿ ಮೇಲ್‌ಗೆ ಅಂಟಿಸಿದರೆ, ಪಡೆದವರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ ಚುಕ್ಕೆ. ಕನ್ನಡ ಒಂದಕ್ಷರವೂ ಇರುವುದಿಲ್ಲ. ಸುದ್ದಿಮನೆಯಲ್ಲಿ ಅದನ್ನು ಸರಿ ಮಾಡುತ್ತಾ ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಯುನಿಕೋಡ್‌ನಲ್ಲಿ ಕಳಿಸಿ. ಯುನಿಕೋಡ್ ಎಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಅಕ್ಷರ ವ್ಯವಸ್ಥೆ. ನೀವು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದು ಅದರಲ್ಲೇ. ಹಳೆಯದರಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಓದಿ. ಅರ್ಕಾವೊತ್ತು, ಒತ್ತಕ್ಷರಗಳು ಕೆಲವೊಮ್ಮೆ ಜಾಗ ಬದಲಿಸಿರುತ್ತವೆ.

ಫೋಟೊವನ್ನು ವಾಟ್ಸಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಬೇಡಿ. ಅದು ಕುಗ್ಗಿ ಹೋಗುತ್ತದೆ, ಅಚ್ಚಿಗೆ ಬರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಮೇಲ್ ಮಾಡಿ.

4. ಪತ್ರಿಕೆ, ಬಾನುಲಿ

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಪತ್ರಿಕಾ ಪ್ರಕಟಣೆ ಕೊಡಿ. ಎರಡು ದಿನ ಮೊದಲು ಒಮ್ಮೆ ನೆನಪಿಸಿ. ಉದಯವಾಣಿಗೆ ಮಣಿಪಾಲದಲ್ಲಿ, ವಾರ್ತಾಭಾರತಿಗೆ ಮಂಗಳೂರಿನಲ್ಲಿ ಕಚೇರಿ ಉಂಟು. ರಾಜ್ಯಮಟ್ಟದ ಪತ್ರಿಕೆಗಳಿಗೂ ಮಂಗಳೂರಿನಲ್ಲಿ ವರದಿಗಾರರಿದ್ದಾರೆ. ನಿಮ್ಮ ಊರು ಕಾರ್ಕಳವೋ, ಕುಂದಾಪುರವೋ, ಬಂಟ್ವಾಳವೋ ಆದರೆ ಅಲ್ಲಿಯ ಬಿಡಿ ಸುದ್ದಿಗಾರರನ್ನು ಹಿಡಿಯಿರಿ. ಬಿಡಿ ಸುದ್ದಿಗಾರರೆಂದರೆ ಸಂಬಳದ ನೌಕರರಲ್ಲದೆ, ಊರಿನ ಸುದ್ದಿ ಕಳಿಸಿಕೊಡುವವರು. ನಗರದ ಕಚೇರಿಗಿಂತ ಅವರ ಮೂಲಕ ಹೋದ ಸುದ್ದಿಗೆ ಊರಿನ ಪುಟದಲ್ಲಿ ಬೇಗ ಜಾಗ ಸಿಗುತ್ತದೆ.

ಪತ್ರಿಕಾಗೋಷ್ಠಿ ಬೇಕೇ? ಒಂದೇ ಪುಸ್ತಕಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಾಡಿಗೆ, ಚಹಾ, ನಾಲ್ಕು ಜನರ ಓಡಾಟ. ಬರುವ ಸುದ್ದಿ ಅದೇ ಐದು ಸಾಲು. ಮೂರು ದಿನದ ನಾಟಕೋತ್ಸವವಾದರೆ ಮಾತು ಬೇರೆ.

ವಿಮರ್ಶೆಗೆ ಪುಸ್ತಕ ಕಳಿಸುವುದು ಬೇರೆಯೇ ದಾರಿ. ಅದು ಸುದ್ದಿ ವಿಭಾಗಕ್ಕಲ್ಲ, ಪುರವಣಿ ವಿಭಾಗಕ್ಕೆ. ಸಾಮಾನ್ಯವಾಗಿ ಎರಡು ಪ್ರತಿ ಕಳಿಸುತ್ತಾರೆ. ವಿಮರ್ಶೆ ಬರದಿದ್ದರೂ ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು, ಬೆಲೆ, ಫೋನ್ ಬರಬಹುದು. ಅದೂ ಲಾಭವೇ. "ಯಾವಾಗ ಹಾಕುತ್ತೀರಿ?" ಎಂದು ವಾರಕ್ಕೊಮ್ಮೆ ಫೋನ್ ಮಾಡಬೇಡಿ.

ಮಂಗಳೂರು ಆಕಾಶವಾಣಿಯ ಕಾರ್ಯಕ್ರಮ ವಿಭಾಗಕ್ಕೆ ಪತ್ರದ ಜೊತೆ ಒಂದು ಪ್ರತಿ ಕೊಡಿ. ಸಂತ ಅಲೋಶಿಯಸ್‌ನ ರೇಡಿಯೋ ಸಾರಂಗ್ 107.8, ಮಣಿಪಾಲದ ರೇಡಿಯೋ ಮಣಿಪಾಲ್ 90.4 ಸಮುದಾಯ ಬಾನುಲಿಗಳು. ಊರಿನವರ ದನಿಯೇ ಅವುಗಳ ಬಂಡವಾಳ. ನಾಟಕಕಾರರು ಇವರನ್ನು ಮರೆಯಲೇಬಾರದು. ಸಂಭಾಷಣೆಯ ಎರಡು ನಿಮಿಷದ ಓದು ಹತ್ತು ಬ್ಯಾನರಿಗೆ ಸಮ.

5. ವಾಟ್ಸಪ್

ಗುಂಪುಗಳಿಗೆ ಪೋಸ್ಟರ್ ಹಾಕಿ ಸುಮ್ಮನಾಗುವುದು ಸುಲಭ, ಫಲ ಕಡಿಮೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು, ಪ್ರತಿಯೊಬ್ಬರಿಗೂ ನೀವೇ ಕಳಿಸಿದ ಖಾಸಗಿ ಸಂದೇಶದಂತೆ ಹೋಗುತ್ತದೆ. ಆದರೆ ಒಂದು ಷರತ್ತು: ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ ತಲುಪುವುದೇ ಇಲ್ಲ. "ಎಲ್ಲರಿಗೂ ಕಳಿಸಿದೆ, ಯಾರೂ ಉತ್ತರಿಸಲಿಲ್ಲ" ಎನ್ನುವವರ ಸಮಸ್ಯೆ ಹೆಚ್ಚಾಗಿ ಇದೇ. ಪುಸ್ತಕ ಕೊಡುವಾಗಲೇ "ಈ ನಂಬರ್ ಸೇವ್ ಮಾಡಿಕೊಳ್ಳಿ" ಎಂದು ಹೇಳಿಬಿಡಿ.

ಪೋಸ್ಟರಿನ ಒಳಗೆ ಎಲ್ಲ ಮಾಹಿತಿ ತುಂಬಿಸಿ ಬರೀ ಚಿತ್ರ ಕಳಿಸಬೇಡಿ. ಹಿರಿಯರಿಗೆ ಆ ಸಣ್ಣ ಅಕ್ಷರ ಓದಲಾಗುವುದಿಲ್ಲ. ಚಿತ್ರದ ಕೆಳಗೆ ದಿನ, ಗಂಟೆ, ಜಾಗ, ಬೆಲೆ, ನಂಬರ್ ಇವಿಷ್ಟನ್ನು ಟೈಪ್ ಮಾಡಿ. ಸಭಾಂಗಣದ ಮ್ಯಾಪ್ ಕೊಂಡಿಯನ್ನೂ ಸೇರಿಸಿ.

ಎಷ್ಟು ಸಲ ಕಳಿಸಬೇಕು? ಹತ್ತು ದಿನ ಮೊದಲು ಒಮ್ಮೆ, ಹಿಂದಿನ ದಿನ ಒಮ್ಮೆ, ಮುಗಿದ ಮೇಲೆ ‘ಪ್ರತಿ ಎಲ್ಲಿ ಸಿಗುತ್ತದೆ’ ಎಂದು ಒಮ್ಮೆ. ಮೂರಕ್ಕಿಂತ ಜಾಸ್ತಿ ಬೇಡ. ಗುಂಪಿಗೆ ಹಾಕುವ ಮೊದಲು ಮೇಲಿನ ಸಂದೇಶ ನೋಡಿ. ಯಾರದೋ ಮರಣದ ಸುದ್ದಿಗೆ ಎಲ್ಲರೂ ಕೈಮುಗಿಯುತ್ತಿರುವಾಗ ನಡುವೆ ನಿಮ್ಮ ನಗೆಬರಹದ ಮುಖಪುಟ ಬೀಳುವುದು ಬೇಡ.

6. ಆಮಂತ್ರಣ, ಬ್ಯಾನರ್

ಅಚ್ಚಾದ ಆಮಂತ್ರಣ ಐವತ್ತು ಸಾಕು, ಹಿರಿಯರಿಗೆ ಮತ್ತು ಸಂಘಸಂಸ್ಥೆಗಳಿಗೆ. ವೇದಿಕೆಯಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಬೇಡ. ಎಂಟು ಜನ ಮಾತಾಡಿದರೆ ಪುಸ್ತಕದ ಸರದಿ ಬರುವಷ್ಟರಲ್ಲಿ ಸಭೆ ಖಾಲಿ. ಫ್ಲೆಕ್ಸ್ ಬೇಡವೇ ಬೇಡ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಬ್ಯಾನರ್, ಫ್ಲೆಕ್ಸ್ ನಿಷೇಧವಾಗಿದೆ. ಬಟ್ಟೆಯ ಬ್ಯಾನರ್ ಮಾಡಿಸಿ, ರಸ್ತೆ ಬದಿಗೆ ಕಟ್ಟುವುದಾದರೆ ನಗರಪಾಲಿಕೆಯ ಅಥವಾ ಪಂಚಾಯತ್‌ನ ಅನುಮತಿ ಪಡೆಯಿರಿ.

7. ನಾಟಕವಾದರೆ

ನಾಟಕದ ಸುದ್ದಿ ಎರಡು ಬಗೆಯ ಜನರಿಗೆ ಬೇಕು: ನೋಡುವವರಿಗೆ, ಆಡುವವರಿಗೆ. ಎರಡನೆಯವರನ್ನು ಬಹಳ ಮಂದಿ ಮರೆತೇಬಿಡುತ್ತಾರೆ. ಶಾಲೆ ಕಾಲೇಜುಗಳ ವಾರ್ಷಿಕೋತ್ಸವ ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಉಡುಪಿಯ ರಂಗಭೂಮಿ ಸಂಸ್ಥೆ ಪ್ರತಿವರ್ಷ ರಾಜ್ಯಮಟ್ಟದ ಕನ್ನಡ ನಾಟಕ ಸ್ಪರ್ಧೆ ನಡೆಸುತ್ತದೆ. ಹವ್ಯಾಸಿ ತಂಡಗಳು ಹೊಸ ನಾಟಕ ಹುಡುಕುವುದು ಇವುಗಳಿಗೆ ಕೆಲವು ತಿಂಗಳು ಮೊದಲು, ಮಳೆಗಾಲದಲ್ಲಿ. ಆಗ ನಿಮ್ಮ ನಾಟಕದ ವಿವರ ಅವರ ಕೈಯಲ್ಲಿರಬೇಕು.

ಆಡುವವರು ಮೊದಲು ಕೇಳುವುದು ಕಥೆಯನ್ನಲ್ಲ. ಪಾತ್ರ ಎಷ್ಟು, ಅದರಲ್ಲಿ ಹೆಣ್ಣುಪಾತ್ರ ಎಷ್ಟು, ಎಷ್ಟು ಹೊತ್ತಿನ ನಾಟಕ, ರಂಗಸಜ್ಜಿಕೆ ಏನು ಬೇಕು, ಹಾಡು ಉಂಟೋ. "ಏಳು ಪಾತ್ರ, ಮೂರು ಹೆಣ್ಣು, 70 ನಿಮಿಷ, ಒಂದೇ ಅಂಗಳದ ಸೆಟ್, ಎರಡು ಹಾಡು" ಎಂಬ ಒಂದು ಸಾಲು ಎಲ್ಲ ಹೊಗಳಿಕೆಗಿಂತ ಉಪಯೋಗಕ್ಕೆ ಬರುತ್ತದೆ. ಇದನ್ನು ಪುಸ್ತಕದ ಹಿಂಬದಿಯಲ್ಲೂ ಹಾಕಿಸಿ.

ಒಪ್ಪಿಗೆಯ ವಿಷಯ ಪುಸ್ತಕದ ಮೊದಲ ಪುಟಗಳಲ್ಲೇ ಇರಲಿ: "ಪ್ರಯೋಗಕ್ಕೆ ಲೇಖಕರ ಲಿಖಿತ ಒಪ್ಪಿಗೆ ಬೇಕು", ಜೊತೆಗೆ ಸಂಪರ್ಕ. ಆದರೆ ಕಾನೂನಿನಲ್ಲಿ ಒಂದು ವಿನಾಯಿತಿ ಉಂಟು, ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಹವ್ಯಾಸಿ ತಂಡ ಟಿಕೆಟ್ ಇಲ್ಲದೆ, ಹಣ ಕೊಡದ ಪ್ರೇಕ್ಷಕರಿಗೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಹಾಗಾಗಿ ಅಂಥ ತಂಡದ ಜೊತೆ ಜಗಳಕ್ಕೆ ಹೋಗಬೇಡಿ. ಪೋಸ್ಟರಿನಲ್ಲಿ ನಿಮ್ಮ ಹೆಸರು ಹಾಕಲು ಹೇಳಿ, ಸಭಾಂಗಣದ ಬಾಗಿಲಲ್ಲಿ ಪುಸ್ತಕ ಇಡಲು ಜಾಗ ಕೇಳಿ. ಟಿಕೆಟ್ ಇಟ್ಟು ಆಡುವವರಿಗೆ ಪತ್ರ ಕೊಡುವಾಗ ಮಾತ್ರ ಸ್ಪಷ್ಟವಾಗಿ ಬರೆಯಿರಿ: ಎಷ್ಟು ಪ್ರಯೋಗ, ಗೌರವಧನ ಎಷ್ಟು, ಮಾತು ಬದಲಿಸಬಹುದೇ, ತುಳುವಿಗೋ ಕೊಂಕಣಿಗೋ ಅನುವಾದ ಮಾಡಿಕೊಳ್ಳಬಹುದೇ. ನಮ್ಮಲ್ಲಿ ಕೊನೆಯದ್ದು ಖಂಡಿತ ಕೇಳುತ್ತಾರೆ.

ಬಯಲಿನಲ್ಲಿ ಆಡುವುದಾದರೆ ಮೈಕಿಗೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಿನಿಮಾ ಹಾಡಿನ ತುಣುಕು ಬಳಸಿದ್ದರೆ ಅದಕ್ಕೆ ಬೇರೆ ಪರವಾನಗಿ. ನಾಟಕದ ವಿಡಿಯೊ ತುಣುಕನ್ನು ಯೂಟ್ಯೂಬಿಗೆ ಹಾಕಿದಾಗ ಅಂಥ ಹಾಡಿನಿಂದಲೇ ಅದು ತಡೆಹಿಡಿಯಲ್ಪಡಬಹುದು.

8. ಆ ದಿನ

ಪುಸ್ತಕದ ಮೇಜು ಎಲ್ಲಿಡಬೇಕು? ಸಭಾಂಗಣದ ಬಾಗಿಲಿಗೂ ಚಹಾ ಕೊಡುವ ಜಾಗಕ್ಕೂ ನಡುವೆ. ಗೋಳಿಬಜೆಗೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು. ಮೇಜಿನಲ್ಲಿ ನೀವು ಕೂರಬೇಡಿ. ನಿಮ್ಮ ಎದುರು ಬೆಲೆ ಕೇಳಲು ಜನಕ್ಕೆ ಸಂಕೋಚ, ಹೇಳಲು ನಿಮಗೆ ಸಂಕೋಚ. ಲೆಕ್ಕ ಬಲ್ಲ ಒಬ್ಬರನ್ನು ಕೂರಿಸಿ. ಯುಪಿಐ ಕ್ಯೂಆರ್ ಕೋಡನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಇಡಿ. ಹತ್ತು, ಐವತ್ತರ ನೋಟು ಇಟ್ಟುಕೊಳ್ಳಿ.

ಗೌರವ ಪ್ರತಿಗಳ ಪಟ್ಟಿ ಮೊದಲೇ ಮಾಡಿ, ಅದರ ಮೇಲೆ ಒಂದೂ ಕೊಡಬೇಡಿ. ನಿಮ್ಮ ಪುಸ್ತಕವನ್ನು ನೀವೇ ಮಾರುವುದು ನಾಚಿಕೆಯ ಕೆಲಸವಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟು ಪುಸ್ತಕ ಅಚ್ಚು ಹಾಕಿದವರು.

ಮೇಜಿನಲ್ಲಿ ಒಂದು ನೋಟ್‌ಬುಕ್ ಇರಲಿ: ಹೆಸರು, ಊರು, ಫೋನ್, ‘ಮುಂದಿನ ಪುಸ್ತಕ ಬಂದಾಗ ತಿಳಿಸಬಹುದೇ?’ ಹೌದು ಎಂದವರ ನಂಬರ್ ಮಾತ್ರ ನಿಮ್ಮ ಬ್ರಾಡ್‌ಕಾಸ್ಟ್ ಪಟ್ಟಿಗೆ ಹೋಗಲಿ. ಅಂದಿನ ಮಾರಾಟಕ್ಕಿಂತ ಈ ನೋಟ್‌ಬುಕ್‌ಗೆ ಬೆಲೆ ಜಾಸ್ತಿ.

9. ಆಮೇಲಿನ ಕೆಲಸ

ಅಂಗಡಿಗಳು ಸಾಮಾನ್ಯವಾಗಿ ಶೇ 30ರಿಂದ 40ರಷ್ಟು ಕಮಿಷನ್ ಕೇಳುತ್ತವೆ, ಹಣ ಕೊಡುವುದು ಮಾರಾಟವಾದ ಮೇಲೆ. ಐದೈದು ಪ್ರತಿ ಕೊಡಿ, ರಸೀದಿ ಪಡೆಯಿರಿ, ಖಾಲಿಯಾದ ಮೇಲೆ ಮತ್ತೆ ಕೊಡಿ. ಉಳಿದ ಪ್ರತಿಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ.

ಅಂಚೆಯಲ್ಲಿ ಕಳಿಸುವುದಾದರೆ 2025ರ ಮೇ 1ರಿಂದ ಶುರುವಾದ ಜ್ಞಾನ ಪೋಸ್ಟ್ ಎಂಬ, ಪುಸ್ತಕಗಳಿಗೆಂದೇ ಇರುವ ಅಂಚೆ ಸೇವೆಯ ಬಗ್ಗೆ ಕೌಂಟರಿನಲ್ಲಿ ಕೇಳಿ. 300 ಗ್ರಾಂವರೆಗೆ 20 ರೂ., 5 ಕಿಲೋವರೆಗೆ 100 ರೂ., ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಒಳಗೆ ಕಾಗದ ಬರೆದು ಇಡಬೇಡಿ. ನೆಲದ ದಾರಿಯಲ್ಲೇ ಹೋಗುವುದರಿಂದ ನಿಧಾನ, ಅದನ್ನು ಓದುಗರಿಗೆ ಮೊದಲೇ ಹೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕವರಿನ ಒಳಗೆ ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತಿ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ, ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೆ ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಎರಡಕ್ಕೂ ಪುಸ್ತಕ ಯಾವ ವರ್ಷದ್ದು ಎಂಬುದೇ ಮುಖ್ಯ. ಡಿಸೆಂಬರ್ ಕೊನೆಯಲ್ಲಿ ಅಚ್ಚಾದ ಪುಸ್ತಕಕ್ಕೆ ಯಾವ ವರ್ಷ ಹಾಕಬೇಕು ಎಂದು ಮುದ್ರಕರ ಜೊತೆ ಮಾತಾಡಿಯೇ ಒಳಪುಟ ಅಂತಿಮ ಮಾಡಿ. ತುಳು, ಕೊಂಕಣಿ, ಬ್ಯಾರಿ ಭಾಷೆಯಲ್ಲಿ ಬರೆಯುವವರಿಗೆ ಆಯಾ ಅಕಾಡೆಮಿಗಳ ಕಚೇರಿ ಮಂಗಳೂರಿನಲ್ಲೇ ಉಂಟು.

ಕೊನೆಯದಾಗಿ, ಬಹುತೇಕ ಸ್ವತಂತ್ರ ಲೇಖಕರು ಕೇಳಿಯೇ ಇಲ್ಲದ ಒಂದು ಕಾನೂನು. 1954ರ ಪುಸ್ತಕ ವಿತರಣಾ ಕಾಯ್ದೆಯ ಪ್ರಕಾರ ಪ್ರಕಾಶಕರು ಪುಸ್ತಕ ಪ್ರಕಟವಾದ 30 ದಿನದೊಳಗೆ ತಮ್ಮ ಖರ್ಚಿನಲ್ಲಿ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರ, ಮುಂಬೈನ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ. ನೀವೇ ಅಚ್ಚು ಹಾಕಿಸಿದ್ದರೆ ಪ್ರಕಾಶಕರು ನೀವೇ. ಬಿಡುಗಡೆಯ ಗಡಿಬಿಡಿ ಮುಗಿದ ವಾರವೇ ನಾಲ್ಕು ಕವರ್ ಸಿದ್ಧ ಮಾಡಿ ಕಳಿಸಿ, ಅಂಚೆಯ ರಸೀದಿಗಳನ್ನು ಐಎಸ್‌ಬಿಎನ್ ಪತ್ರದ ಜೊತೆ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.